ಎರಡು ಚೌಕಗಳ ವಿಜ್ಞಾನಿ

ಯಂತ್ರಮಾನವರ ಚಿತ್ರಕಥೆಗಳನ್ನು ಓದಿದವರಿಗೆಲ್ಲ ಒಬ್ಬ ಮನುಷ್ಯನ ಗುರುತು ಉಂಟು. ಹೆಸರು ಮಾತ್ರ ಬಹುಮಟ್ಟಿಗೆ ನೆನಪಿರುವುದಿಲ್ಲ. ಕೆದರಿದ ನರೆಗೂದಲು, ದಪ್ಪ ಕನ್ನಡಕ, ಬಿಳಿಯ ನಿಲುವಂಗಿ, ಬೆನ್ನ ಹಿಂದೆ ಗಾಜಿನ ಕೊಳವೆಗಳು. ಕಥೆಯ ಎರಡನೆಯ ಪುಟದಲ್ಲಿ ಆತ ಒಂದು ಗುಂಡಿಯನ್ನು ಒತ್ತುತ್ತಾನೆ, ಗೆದ್ದೆನೆಂದು ಕೂಗುತ್ತಾನೆ. ಮೂರನೆಯ ಪುಟಕ್ಕೆ ಸತ್ತಿರುತ್ತಾನೆ, ಇಲ್ಲವೆ ಹುಚ್ಚನಾಗಿರುತ್ತಾನೆ. ಅಲ್ಲಿಂದ ಮುಂದಿನ ಕಥೆಯೆಲ್ಲ ಉಕ್ಕಿನ ಮೈಯವನದು, ಮತ್ತು ಅವನನ್ನು ಎದುರಿಸುವ ಕಟ್ಟುಮಸ್ತಾದ ತರುಣನದು. ಮುಖಪುಟದ ಮೇಲೂ ಅವರಿಬ್ಬರೇ. ಯಂತ್ರವನ್ನು ಮಾಡಿದಾತನಿಗೆ ಕಥೆಯಲ್ಲಿ ಇರುವ ಸ್ಥಾನ ನಾಟಕದ ತೆರೆ ಎಳೆಯುವ ಆಳಿನದಕ್ಕಿಂತ ಹೆಚ್ಚಿನದಲ್ಲ.

ಇಂಥದೊಂದು ಉಪಪಾತ್ರವನ್ನು ಕುರಿತು ವಿಚಾರ ಮಾಡುವುದು ಪಂಪ ಕುಮಾರವ್ಯಾಸರನ್ನು ಪಾಠ ಹೇಳುವವನಿಗೆ ತಕ್ಕ ಕೆಲಸವೆ ಎಂದು ಕೇಳುವವರು ಇರಬಹುದು. ಈ ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ, ಸಂತೆಯಲ್ಲಿ, ಕಚೇರಿಯಲ್ಲಿ, ಕೊನೆಗೆ ನಮ್ಮ ತರಗತಿಯಲ್ಲಿಯೂ 'ಕೃತಕ ಬುದ್ಧಿಮತ್ತೆ'ಯ ಮಾತೇ ಮಾತು. ಆ ಮಾತುಗಳಲ್ಲಿ ಯಂತ್ರ ಹೀಗೆ ಮಾಡಿತು, ಹಾಗೆ ಹೇಳಿತು, ನಾಳೆ ನಮ್ಮ ಅನ್ನ ಕಸಿಯುತ್ತದೆ ಎಂಬ ವಾಕ್ಯಗಳನ್ನು ಕೇಳುತ್ತ ಹೋದಂತೆ, ನಾವು ಈ ಲೋಕವ್ಯವಹಾರವನ್ನು ಚಿತ್ರಕಥೆಯ ಕಣ್ಣಿನಿಂದಲೇ ನೋಡುತ್ತಿದ್ದೇವೆಂಬ ಎಣಿಕೆ ನನ್ನಲ್ಲಿ ಬಲವಾಯಿತು. ಎರಡು ಚೌಕಗಳ ಆ ವಿಜ್ಞಾನಿಯನ್ನು ನಾವೂ ಮೂರನೆಯ ಪುಟಕ್ಕೆ ಮುಗಿಸಿಬಿಟ್ಟಿದ್ದೇವೆ.

ಕನ್ನಡಕ್ಕೆ ಚಿತ್ರಕಥೆ ಹೊಸದಲ್ಲ. 'ಅಮರ ಚಿತ್ರಕಥೆ' ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಹೊರಟದ್ದು ಕನ್ನಡದಲ್ಲಿಯೇ ಎಂಬುದನ್ನು ನಾವು ಮರೆತಿದ್ದೇವೆ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1990ರ ವರೆಗೆ ನಡೆಯಿತು. ಅದರ ಕನ್ನಡದ ಸಂಚಿಕೆಗಳು ಫ್ಯಾಂಟಮ್, ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಮೊದಲಾದವರನ್ನು ನಮ್ಮ ಹಳ್ಳಿಗಳಿಗೂ ತಂದವು. ಫ್ಲ್ಯಾಶ್ ಗಾರ್ಡನ್ ಕಥೆಯಲ್ಲಿ ಜಾರ್ಕೋವ್ ಎಂಬ ವಿಜ್ಞಾನಿಯೊಬ್ಬನಿದ್ದಾನೆ. ನಾಯಕನನ್ನೂ ನಾಯಿಕೆಯನ್ನೂ ಹೆದರಿಸಿ ತನ್ನ ರಾಕೆಟ್ಟಿನಲ್ಲಿ ಹತ್ತಿಸಿಕೊಂಡು ಹೊರಟವನು ಅವನೇ. ಅವನಿಲ್ಲದೆ ಕಥೆಯೇ ಇಲ್ಲ. ಆದರೂ ಮಾಲೆಗೆ ಹೆಸರು ಬಂದದ್ದು ಚೆಂಡಾಟದ ತರುಣನಿಂದ. ತೆರೆಯ ಮೇಲಿನ ಕಥೆಯೂ ಬೇರೆಯಲ್ಲ: 2002ರ 'ಹಾಲಿವುಡ್' ಚಿತ್ರದಲ್ಲಿ ಜನರು ನೆನಪಿಟ್ಟುಕೊಂಡದ್ದು ಉಪೇಂದ್ರರ ಯಂತ್ರಮಾನವನನ್ನು.

ಹೋದ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಇಬ್ಬರು ವಿದ್ಯಾರ್ಥಿಗಳು ಚಿತ್ರಕಥೆಯೊಂದನ್ನು ಬರೆದು ತಂದಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಒಂದು ಯಂತ್ರಮಾನವ ಬರುತ್ತದೆ. ಚೀಲದ ಬಣ್ಣ ನೋಡಿ ದರ ಹೇಳುತ್ತದೆ. ಕ್ರಮೇಣ ದರವನ್ನು ತಾನೇ ಇಳಿಸತೊಡಗುತ್ತದೆ. ಕೊನೆಗೆ ರೈತನ ಮಗನೊಬ್ಬ ಅದರ ಬಾಯಿಗೆ ಖಾರದ ಪುಡಿ ತುಂಬಿ ಕೆಡಿಸುತ್ತಾನೆ. ಸೊಗಸಾದ ಕಲ್ಪನೆ, ಗೆರೆಗಳೂ ಚೆನ್ನಾಗಿದ್ದವು. ಅದರಲ್ಲಿಯೂ ಕನ್ನಡಕದ ವಿಜ್ಞಾನಿ ಬಂದು ಹೋಗಿದ್ದ. ಈತನ ಹೆಸರೇನು ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಅವಂಗ ಹೆಸರು ಯಾಕ್ರಿ ಸರ, ಎರಡ ಚೌಕದಾಗ ಮುಗೀತಾನಲ್ರಿ" ಎಂದ ಒಬ್ಬ. ದರ ಇಳಿಸುವಂತೆ ಯಂತ್ರಕ್ಕೆ ಕಲಿಸಿದವರು ಯಾರು ಎಂದು ಕೇಳಿದ್ದಕ್ಕೆ, ಅದು ತಾನೇ ಕಲಿತುಕೊಂಡಿತು ಎಂಬ ಉತ್ತರ ಬಂತು. ಹುಡುಗರನ್ನು ಆಕ್ಷೇಪಿಸುವಂತಿಲ್ಲ. ದೊಡ್ಡ ದೊಡ್ಡ ವರದಿಗಳಲ್ಲಿಯೂ ಇದೇ ಉತ್ತರ ಅಚ್ಚಾಗುತ್ತಿದೆ.

'ರೋಬೋಟ್' ಎಂಬ ಶಬ್ದದ ಹುಟ್ಟನ್ನು ನೋಡಿದರೆ ವಿಷಯ ಸ್ವಾರಸ್ಯವಾಗುತ್ತದೆ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ಎಂಬ ನಾಟಕದಲ್ಲಿ ಅದು ಮೊದಲು ಬಂತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಅವರ ಭಾಷೆಯಲ್ಲಿ 'ರೊಬೊತ' ಎಂದರೆ ಒಡೆಯನಿಗೆ ಬಲವಂತದಿಂದ ಸಲ್ಲಿಸಬೇಕಾದ ದುಡಿಮೆ. ನಮ್ಮಲ್ಲಿ ಅದಕ್ಕೆ ನೆಟ್ಟನೆಯ ಶಬ್ದವಿದೆ, ಶಾಸನಗಳಷ್ಟು ಹಳೆಯದು: ಬಿಟ್ಟಿ. ರೋಬೋಟನ್ನು 'ಬಿಟ್ಟಿಯಾಳು' ಎಂದು ಕರೆದಿದ್ದರೆ, ಯಾರ ಬಿಟ್ಟಿ, ಯಾವ ಗೌಡನ ಮನೆಯ ಆಳು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತಿತ್ತು. 'ಯಂತ್ರಮಾನವ' ಎಂದು ಕರೆದು ಅದಕ್ಕೆ ಮನುಷ್ಯನ ಅಂತಸ್ತನ್ನು ಕೊಟ್ಟೆವು. ಒಡೆಯನು ಶಬ್ದದ ಹೊರಗೆ ಉಳಿದು ತಪ್ಪಿಸಿಕೊಂಡ. ಆ ನಾಟಕದಲ್ಲಿಯೂ ಯಂತ್ರಗಳ ಮೂಲಪುರುಷನಾದ ಮುದುಕ ರೋಸುಮ್ ರಂಗದ ಮೇಲೆ ಬರುವುದೇ ಇಲ್ಲ. ತೆರೆ ಏಳುವ ಮುಂಚೆಯೇ ತೀರಿಕೊಂಡಿದ್ದಾನೆ. ರೋಬೋಟುಗಳ ಸ್ವಭಾವವನ್ನು ಗುಟ್ಟಾಗಿ ತಿದ್ದಿದ ಡಾಕ್ಟರ್ ಗಾಲ್ ಎಂಬವನಿಗೆ ಇರುವುದು ಕೆಲವೇ ಮಾತುಗಳು.

ನಮ್ಮ ಹಳೆಯ ಕಥೆಗಾರರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರು? ಪಂಚತಂತ್ರದ ನೇಕಾರನ ಕಥೆ ಎಲ್ಲರಿಗೂ ಗೊತ್ತು. ರಾಜಕುಮಾರಿಯನ್ನು ಮೋಹಿಸಿದ ನೇಕಾರನಿಗೆ ಗೆಳೆಯನೊಬ್ಬನು ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ಅದನ್ನೇರಿ ಆತ ವಿಷ್ಣುವೆನಿಸಿಕೊಂಡು ಅಂತಃಪುರಕ್ಕೆ ಇಳಿಯುತ್ತಾನೆ. ಮುಂದೆ ಯುದ್ಧವಾಗುತ್ತದೆ, ನಿಜವಾದ ವಿಷ್ಣುವೇ ತನ್ನ ಮಾನ ಉಳಿಸಿಕೊಳ್ಳಲು ನೆರವಿಗೆ ಬರಬೇಕಾಗುತ್ತದೆ. ಗರುಡನನ್ನು ಕೆತ್ತಿದ ಆ ಬಡಗಿ? ಅವನನ್ನು ಕಥೆ ಮತ್ತೆ ಮಾತಾಡಿಸುವುದಿಲ್ಲ. ಎರಡು ಚೌಕಗಳವರ ವಂಶಕ್ಕೆ ಅವನೇ ಹಿರಿಯನೆನ್ನಬಹುದು.

ಸೋಮದೇವನ ಕಥಾಸರಿತ್ಸಾಗರದಲ್ಲಿ ಮಾತ್ರ ಇದಕ್ಕೆ ಬೇರೆಯಾದ ಒಂದು ಪ್ರಸಂಗವಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕವಿ ಈ ನಮ್ಮ ಸಮಸ್ಯೆಯನ್ನು ಕಂಡಿದ್ದನೇನೋ ಎನ್ನಿಸುವಷ್ಟು ಅದು ಹತ್ತಿರದ್ದು. ನರವಾಹನದತ್ತನು ಪ್ರಯಾಣದಲ್ಲಿ ಒಂದು ನಗರವನ್ನು ಹೊಗುತ್ತಾನೆ. ಅಂಗಡಿಗಳಿವೆ, ವ್ಯಾಪಾರಿಗಳಿದ್ದಾರೆ, ಹೆಂಗಸರು ತಿರುಗಾಡುತ್ತಿದ್ದಾರೆ, ಎಲ್ಲರೂ ಮರದವರು. ಮಾತಿಲ್ಲದ್ದರಿಂದಲೇ ಅವರು ಜೀವವಿಲ್ಲದವರೆಂದು ತಿಳಿಯುತ್ತದೆ. ಅರಮನೆಯಲ್ಲಿ ಒಬ್ಬನೇ ಒಬ್ಬ ಜೀವವುಳ್ಳ ಮನುಷ್ಯ ಕುಳಿತಿದ್ದಾನೆ. ಅವನೇ ಅವರನ್ನೆಲ್ಲ ಮಾಡಿದ ಬಡಗಿ, ರಾಜ್ಯಧರ. ಅತಿಥಿಯು ಕೇಳುತ್ತಾನೆ, ಬಡಗಿಯು ತನ್ನ ಕಥೆಯನ್ನು ಹೇಳುತ್ತಾನೆ. ಕಾಂಚಿಯಲ್ಲಿ ಅವನೂ ಅಣ್ಣ ಪ್ರಾಣಧರನೂ ಯಂತ್ರವಿದ್ಯೆಯನ್ನು ಬಲ್ಲ ಬಡಗಿಗಳಾಗಿದ್ದರು. ಅಣ್ಣ ದುಂದುಗಾರ. ಕಟ್ಟಿಗೆಯ ಎರಡು ಹಂಸಗಳನ್ನು ಮಾಡಿ, ದಾರ ಕಟ್ಟಿ, ಇರುಳಿನಲ್ಲಿ ಕಿಟಕಿಯಿಂದ ಅರಸನ ಬೊಕ್ಕಸಕ್ಕೆ ಬಿಡುತ್ತಿದ್ದ. ಅವು ಕೊಕ್ಕಿನಲ್ಲಿ ಒಡವೆಗಳನ್ನು ಕಚ್ಚಿ ತರುತ್ತಿದ್ದವು. ಬೊಕ್ಕಸದ ಬೀಗ ಹಾಕಿದಂತೆಯೇ ಇರುತ್ತಿತ್ತು, ಒಳಗಿನ ರತ್ನಗಳು ಮಾತ್ರ ಕಡಿಮೆಯಾಗುತ್ತಿದ್ದವು. ಕಡೆಗೆ ಕಾವಲುಗಾರರು ಹಂಸಗಳನ್ನು ಹಿಡಿದರು. ದಾರ ಸಡಿಲವಾದದ್ದರಿಂದ ಸಂಗತಿಯನ್ನರಿತ ಅಣ್ಣತಮ್ಮಂದಿರು ತಮ್ಮ ಹಾರುವ ಯಂತ್ರಗಳನ್ನೇರಿ ಊರು ಬಿಟ್ಟರು.

ಈ ಕಥೆಯಲ್ಲಿ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ಮೊದಲನೆಯದು ಮಾತು. ಸಾವಿರ ವರ್ಷಗಳ ಹಿಂದಿನ ಕವಿಗೆ ಯಂತ್ರವನ್ನು ಗುರುತಿಸುವುದು ಸುಲಭವಾಗಿತ್ತು. ಮೂಕತನವೇ ಅದರ ಲಕ್ಷಣ. ಇಂದು ಆ ಲಕ್ಷಣ ಅಳಿದುಹೋಗಿದೆ. 2023ರ ಜುಲೈಯಲ್ಲಿ 'ಸೌಂದರ್ಯ' ಎಂಬ ಹೆಸರಿನ ಕೃತಕ ವಾರ್ತಾವಾಚಕಿ ಪವರ್ ಟೀವಿಯಲ್ಲಿ ಕನ್ನಡದಲ್ಲಿಯೇ ಮಾತನಾಡಿದಳು. ಅದಕ್ಕೂ ಮುಂಚೆ, 2020ರ ಜನವರಿಯಲ್ಲಿ, ಇಸ್ರೋ ಸಂಸ್ಥೆ ಗಗನಯಾನಕ್ಕೆಂದು ರೂಪಿಸಿದ 'ವ್ಯೋಮಮಿತ್ರ' ಬೆಂಗಳೂರಿನ ಸಭೆಯಲ್ಲಿ ತನ್ನ ಪರಿಚಯವನ್ನು ತಾನೇ ಹೇಳಿಕೊಂಡಿತು. ಕಾಲಿಲ್ಲದ, ಸೊಂಟದ ಮೇಲಷ್ಟೆ ಹೆಣ್ಣಿನ ರೂಪವುಳ್ಳ ಯಂತ್ರವದು. (ಅದಕ್ಕೆ ಬರುತ್ತವೆಂದು ಹೇಳಿದ ಎರಡು ಭಾಷೆಗಳಲ್ಲಿ ಕನ್ನಡ ಇರಲಿಲ್ಲವೆಂಬುದು ಬೇರೆ ಮಾತು.) ಆಕೆಯ ಭಾವಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು, ಶಾಲೆಯ ಮಕ್ಕಳು ಹೆಸರು ಹೇಳಬಲ್ಲರು. ಅದನ್ನು ಸಿದ್ಧಪಡಿಸಿದ ತಿರುವನಂತಪುರದ ಘಟಕದ ಎಂಜಿನಿಯರುಗಳಲ್ಲಿ ಒಬ್ಬರ ಹೆಸರನ್ನು ಹೇಳಿರೆಂದು ನಮ್ಮ ಕಾಲೇಜಿನ ವಿಜ್ಞಾನದ ವಿದ್ಯಾರ್ಥಿಗಳನ್ನು ಕೇಳಿದೆ. ಯಾರಿಗೂ ತಿಳಿದಿರಲಿಲ್ಲ.

ಎರಡನೆಯದು ದಾರ. ಹಂಸ ಕದ್ದಿತೆಂದು ಕಾಂಚಿಯ ಕಾವಲುಗಾರರು ಹಂಸಕ್ಕೆ ಶಿಕ್ಷೆ ವಿಧಿಸಲಿಲ್ಲ. ದಾರವಿತ್ತು, ದಾರದ ಆ ತುದಿಯಲ್ಲಿ ಒಂದು ಕೈ ಇತ್ತು. ನಮ್ಮ ಕಾಲದ ದಾರ ಕಣ್ಣಿಗೆ ಕಾಣದು, ಕಾಣದ್ದರಿಂದ ಅದು ಇಲ್ಲವೆಂದೇ ನಾವು ಮಾತಾಡುತ್ತಿದ್ದೇವೆ.

ಜಪಾನಿನ ಚಿತ್ರಕಥೆಯೊಂದು ಈ ದಾರವನ್ನು ಕಾಣಿಸಲು ಯತ್ನಿಸಿತು. ವೈದ್ಯವಿದ್ಯೆಯನ್ನು ಕಲಿತಿದ್ದ ಒಸಾಮು ತೆಜುಕಾ ಎಂಬ ಚಿತ್ರಕಾರರು 1952ರಿಂದ 1968ರ ವರೆಗೆ ಮಕ್ಕಳ ಮಾಸಪತ್ರಿಕೆಯಲ್ಲಿ ಬರೆದ 'ಪರಾಕ್ರಮಿ ಆಟಂ' ಎಂಬ ಮಾಲೆ ಅದು. ಪಶ್ಚಿಮದವರು ಅದನ್ನು 'ಆಸ್ಟ್ರೋ ಬಾಯ್' ಎಂದು ಕರೆದರು. ಇದರಲ್ಲಿ ಡಾಕ್ಟರ್ ತೆನ್ಮಾ ಎಂಬವನು ಸರಕಾರದ ವಿಜ್ಞಾನ ಶಾಖೆಯ ಮುಖ್ಯಸ್ಥ. ಅವನ ಮಗ ತೊಬಿಯೊ ಮೋಟಾರು ಅಪಘಾತದಲ್ಲಿ ಸಾಯುತ್ತಾನೆ. ದುಃಖವನ್ನು ತಾಳಲಾರದೆ ತಂದೆ ಮಗನಂತೆಯೇ ಇರುವ ಯಂತ್ರವನ್ನು ಮಾಡುತ್ತಾನೆ, ಮುದ್ದಿಸುತ್ತಾನೆ, ಪಾಠ ಹೇಳುತ್ತಾನೆ. ಒಂದು ದಿನ ಅವನಿಗೆ ಹೊಳೆಯುತ್ತದೆ: ಹುಡುಗ ಬೆಳೆಯುತ್ತಿಲ್ಲ. ನಿನ್ನೆಯ ಅಂಗಿ ಇಂದಿಗೂ ಸರಿಹೋಗುತ್ತದೆ, ನಾಳೆಗೂ ಸರಿಹೋಗುತ್ತದೆ. ಸಿಟ್ಟಿಗೆದ್ದು ಅದನ್ನು ಯಂತ್ರಗಳ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಓಚನೋಮಿಜು ಎಂಬ ದೊಡ್ಡ ಮೂಗಿನ ಪ್ರಾಧ್ಯಾಪಕರು ಅದನ್ನು ಅಲ್ಲಿಂದ ಬಿಡಿಸಿ ತರುತ್ತಾರೆ. ತೆನ್ಮಾ ಮುಂದಿನ ಕಥೆಗಳಲ್ಲಿ ಆಗೀಗ ಸುಳಿಯುವ ನೆರಳು ಮಾತ್ರ.

ಆದರೂ ಈ ನೆರಳು ನನಗೆ ನಾಯಕನಿಗಿಂತ ದೊಡ್ಡದಾಗಿ ಕಾಣುತ್ತದೆ. ತೆನ್ಮಾನ ಅಪರಾಧ ಯಂತ್ರವನ್ನು ಮಾಡಿದ್ದಲ್ಲ. ಮಾಡಿದ್ದನ್ನು ಮಾರಿ ಮನೆಗೆ ಹೋದದ್ದು. ಯಂತ್ರದಲ್ಲಿ ಅವನು ಬಯಸಿದ್ದು ಮಗನನ್ನು, ಬಂದದ್ದು ಯಂತ್ರವೇ. ತನ್ನ ಬಯಕೆಯ ತಪ್ಪನ್ನು ಆತ ಯಂತ್ರದ ತಲೆಗೆ ಕಟ್ಟಿದ. ತೆಜುಕಾರ ಹಿರಿಮೆಯೆಂದರೆ, ಅವರು ಈತನನ್ನು ಸಿಡಿಮದ್ದಿನಲ್ಲಿ ಸಾಯಿಸಿ ಕೈತೊಳೆದುಕೊಳ್ಳಲಿಲ್ಲ. ಮಕ್ಕಳ ಪತ್ರಿಕೆಯಲ್ಲಿಯೇ, ಮಕ್ಕಳಿಗೆ ತಿಳಿಯುವಂತೆ, ಮಾಡಿದವನಿಗೂ ಮಾಡಲ್ಪಟ್ಟದ್ದಕ್ಕೂ ಇರುವ ಋಣದ ಪ್ರಶ್ನೆಯನ್ನು ಎತ್ತಿದರು. ಕಥೆಯ ಪ್ರಕಾರ ಆಟಂ ಹುಟ್ಟಬೇಕಾಗಿದ್ದ ದಿನ 2003ರ ಏಪ್ರಿಲ್ 7. ಆ ದಿನವನ್ನು ಜಪಾನಿನಲ್ಲಿ ಹಬ್ಬದಂತೆ ಆಚರಿಸಿದರು. ಹಬ್ಬ ಆಟಂನದು. ತೆನ್ಮಾನನ್ನು ಅಂದು ನೆನೆದವರು ಎಷ್ಟು ಮಂದಿಯೋ!

ಚಿತ್ರಕಥೆ ಸಾಕು. ನಮ್ಮ ಭಾಗದ ನ್ಯಾಯಬೆಲೆ ಅಂಗಡಿಯೊಂದರ ಸಾಲಿನಲ್ಲಿ ಕೇಳಿದ ಮಾತೊಂದನ್ನು ಹೇಳುತ್ತೇನೆ. ವರ್ಷಾನುಗಟ್ಟಲೆ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬೆರಳಿನ ಗೆರೆ ಸವೆದ ಮುದುಕಿಯೊಬ್ಬಳು ಹೆಬ್ಬೆಟ್ಟನ್ನು ನಾಲ್ಕು ಸಲ ಒತ್ತಿದಳು. ಅಂಗಡಿಯವನು ಹೇಳಿದ: "ಯವ್ವಾ, ಮಷೀನು ಒಲ್ಲೆ ಅಂತೈತಿ, ನಾ ಏನ್ ಮಾಡ್ಲಿ?" ವ್ಯಾಕರಣ ಹೇಳುವವನಿಗೆ ಈ 'ಒಲ್ಲೆ' ಕಿವಿಗೆ ನಾಟಿತು. ಅದು ಉತ್ತಮಪುರುಷದ ಕ್ರಿಯಾಪದ. ನಾನು ಒಲ್ಲೆ, ನೀನು ಒಲ್ಲೆ, ಅದು ಒಲ್ಲದು. ಯಂತ್ರಕ್ಕೆ ನಾವು 'ನಾನು' ಎನ್ನುವ ಅಧಿಕಾರವನ್ನು ಕೊಟ್ಟೆವು, ಅದೇ ಉಸಿರಿನಲ್ಲಿ ಮನುಷ್ಯನು 'ನಾ ಏನ್ ಮಾಡ್ಲಿ' ಎಂದು ಕರ್ತೃಪದದಿಂದ ಇಳಿದುಬಿಟ್ಟ. ಅಂಗಡಿಯವನ ತಪ್ಪಿಲ್ಲ. ಸವೆದ ಬೆರಳಿನ ಲೆಕ್ಕ ಹಿಡಿಯದೆ ಆ ಯಂತ್ರವನ್ನು ರೂಪಿಸಿದವರೊಬ್ಬರು ಎಲ್ಲಿಯೋ ಇದ್ದಾರೆ. ಸವೆದ ಬೆರಳುಗಳ ಊರಿಗೆ ಅದನ್ನು ಒಪ್ಪಿ ಕಳಿಸಿದವರು ಇನ್ನೊಬ್ಬರು. ಮುದುಕಿಗೆ ಅವರ ವಿಳಾಸ ಸಿಕ್ಕುವಂತಿಲ್ಲ.

ವಿಳಾಸ ಸಿಗದಾಗ ಏನಾಗುತ್ತದೆಂಬುದನ್ನು ನಮ್ಮ ನೆರೆಯೂರೇ ಕಂಡಿದೆ. ಮೋಟೆಬೆನ್ನೂರಿನಿಂದ ಬ್ಯಾಡಗಿ ನಾಲ್ಕಾರು ಮೈಲಿ. ಖಾರ ಕಡಿಮೆ, ಕೆಂಪು ಹೆಚ್ಚು, ಮೈಯೆಲ್ಲ ಸುಕ್ಕು, ಇದು ಬ್ಯಾಡಗಿ ಕಾಯಿಯ ಗುಣ; 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ಅಲ್ಲಿಯ ಪೇಟೆಯಲ್ಲಿ ಮಾರಾಟ ನಡೆಯುವುದು ಗಣಕಯಂತ್ರದ ಟೆಂಡರಿನಿಂದ. ವ್ಯಾಪಾರಿಗಳು ಬರೆದ ದರಗಳನ್ನು ಹೋಲಿಸಿ ಯಂತ್ರ ಹೆಚ್ಚಿನದನ್ನು ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನ ಪಾತ್ರ ಅದಕ್ಕಿಲ್ಲ. ಹಳೆಯ ಕಾಲದ ಕೈಮುಚ್ಚಿ ನಡೆಸುತ್ತಿದ್ದ ವ್ಯಾಪಾರಕ್ಕಿಂತ ಇದು ಮೇಲೆಂದು ಹೇಳುವವರೇ ಹೆಚ್ಚು, ನಾನೂ ಅದನ್ನು ಒಪ್ಪುತ್ತೇನೆ. ಆದರೆ 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ಹೊಟ್ಟೆಯುರಿದ ರೈತರಿಗೆ ಎದುರಿಗೆ ಕಂಡದ್ದು ಏನು? ಹಲಗೆಯ ಮೇಲಿನ ಅಂಕಿ. ಅಂಕಿಯ ಕೊರಳಪಟ್ಟಿಯನ್ನು ಹಿಡಿದು ಕೇಳಲು ಬರುವುದಿಲ್ಲ. ಅವರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ, ನಿಂತ ವಾಹನಗಳ ಮೇಲೆ ಹರಿಯಿತು, ಬೆಂಕಿ ಬಿತ್ತು. ಬೆಂಕಿ ಇಟ್ಟದ್ದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ದರ ಬಿದ್ದದ್ದಕ್ಕೆ ಯಂತ್ರ ಕಾರಣವೂ ಅಲ್ಲ. ಆದರೆ ಇಂದು ಅಂಕಿಯನ್ನು ತೋರಿಸುವಷ್ಟೇ ಕೆಲಸವಿರುವ ಯಂತ್ರ ನಾಳೆ ನನ್ನ ವಿದ್ಯಾರ್ಥಿಗಳ ಚಿತ್ರಕಥೆಯಲ್ಲಿ ಇರುವಂತೆ ಕಾಯಿಯ ಬಣ್ಣವನ್ನು ತಾನೇ ತೂಗಿ, ಇದು ಎರಡನೆಯ ದರ್ಜೆ ಎಂದರೆ? ಬಣ್ಣವೇ ಬೆಲೆಯಾದ ಬೆಳೆ ಇದು. ದರ್ಜೆಯೊಂದು ಕೆಳಗಿಳಿದರೆ ಒಂದು ಮದುವೆ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ತಿಳಿದವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಇಂದಿನ ಯಂತ್ರಕ್ಕೆ ರಾಜ್ಯಧರನಂಥ ಒಬ್ಬ ಬಡಗಿ ಇಲ್ಲ. ಸಾವಿರಾರು ಜನ, ಹತ್ತಾರು ದೇಶಗಳಲ್ಲಿ ಕುಳಿತು, ಒಬ್ಬರಿಗೊಬ್ಬರು ಕಾಣದೆ ಅದನ್ನು ಮಾಡುತ್ತಾರೆ. ಹೆಸರು ಕೇಳುವುದು ಹಳೆಯ ಕಾಲದ ಹಟ, ಎನ್ನುತ್ತಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. ಈ ವಿದ್ಯೆಯ ಮೊದಲಿಗರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2023ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯನ್ನು ಬಿಟ್ಟು ಬಂದು, ತಾವು ಕಟ್ಟಿದ್ದರ ಅಪಾಯಗಳನ್ನು ಬಾಯಿಬಿಟ್ಟು ಹೇಳತೊಡಗಿದರು. ಮರುವರ್ಷ ಜಾನ್ ಹಾಪ್‌ಫೀಲ್ಡರೊಡನೆ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನೂ ಪಡೆದರು. ಎರಡು ಚೌಕಗಳ ವಿಜ್ಞಾನಿ ಕಥೆಯ ನಡುವೆ ಎದ್ದುನಿಂತು ಮಾತಾಡಿದ ಅಪರೂಪದ ಪ್ರಸಂಗವಿದು. ಆದರೆ ಅವರು ಮಾತಾಡಿದ್ದು ಸಂಸ್ಥೆಯಿಂದ ಹೊರಬಂದ ಮೇಲೆ. ಒಳಗಿರುವಾಗಲೇ ಮಾತಾಡುವ ಪದ್ಧತಿ ಇನ್ನೂ ಹುಟ್ಟಿಲ್ಲ.

ಹೆಸರುಗಳು ಬಹಳವಾದರೆ ಹೊಣೆ ಕರಗಿಹೋಗಲೇಬೇಕೆಂಬ ನಿಯಮವೇನಿಲ್ಲ. ನಮ್ಮ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಹದಿನೆಂಟರ ಹರೆಯ, ಕರ್ನಾಟಕದಿಂದ ಹೋದವರು ಅವರೊಬ್ಬರೇ. ದೇಶದ ದೊಡ್ಡ ಕಥೆಯಲ್ಲಿ ಅವರದೂ ಉಪಪಾತ್ರವೇ ಅನ್ನಿ. ಆದರೆ ಆ 78 ಸತ್ಯಾಗ್ರಹಿಗಳ ಪಟ್ಟಿ ಇದೆ. ಕಾನೂನು ಮುರಿಯಲು ಹೊರಟವರು ಹೆಸರು ಮುಚ್ಚಿಕೊಂಡು ಹೊರಡಲಿಲ್ಲ. ಹಿಡಿಯಬೇಕಾದವರಿಗೆ ಯಾರನ್ನು ಹಿಡಿಯಬೇಕೆಂಬುದು ತಿಳಿದಿತ್ತು. ಮಹಾದೇವರು ಸೆರೆಗೂ ಹೋದರು; 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಗೊಟ್ಟರು. ಒಂದು ಕೆಲಸದಲ್ಲಿ ಕೂಡಿದವರು ಎಷ್ಟೇ ಜನವಾದರೂ ಪಟ್ಟಿ ಬರೆಯಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪಟ್ಟಿ ಬರೆಯಹೊರಟರೆ ಅದರಲ್ಲಿ ನಾವು ನೆನೆಸದ ಹೆಸರುಗಳೂ ಬಂದಾವು. ಯಂತ್ರಕ್ಕೆ ಕನ್ನಡವನ್ನು ಯಾರು ಕಲಿಸಿದರು? ನಾವು ಎಂ.ಎ. ಮಾಡಿದವರಲ್ಲ. 2023ರಲ್ಲಿ ಹೊರಗಿನ ಪತ್ರಿಕೆಗಳು ವರದಿ ಮಾಡಿದಂತೆ, ಚಾಮರಾಜನಗರದ ಕಡೆಯ ಹಳ್ಳಿಗರು, ಅವರಲ್ಲಿ ಹೆಂಗಸರೂ ಇದ್ದರು, ಕೈಫೋನಿನಲ್ಲಿ ತೋರುವ ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿ ಧ್ವನಿ ಕೊಟ್ಟರು. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ಗಂಟೆಗೆ ಸುಮಾರು 5 ಡಾಲರಿನಂತೆ ಕೂಲಿ ಕೊಟ್ಟಿತು. ಧ್ವನಿ ಮತ್ತೊಮ್ಮೆ ಮಾರಾಟವಾದರೆ ಓದಿದವರಿಗೆ ಮತ್ತೊಂದು ಪಾಲು ಎಂಬ ಏರ್ಪಾಡೂ ಇತ್ತು. ಬಿಟ್ಟಿಯಲ್ಲ ಎಂಬುದೇ ಒಂದು ಸಮಾಧಾನ. ಕ್ಷಯರೋಗದ ಬಗೆಗೆ ಜನರು ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಹೇಳುವ ಯಂತ್ರವೊಂದಕ್ಕಾಗಿಯೂ ಹೀಗೆ ವಾಕ್ಯಗಳನ್ನು ಓದಿಸಿದರು. ಹೊಲದ ಕೆಲಸ ಮುಗಿಸಿ, ಒಲೆಯ ಮುಂದಿನ ಗದ್ದಲ ಅಡಗಿದ ಮೇಲೆ, ಕೆಮ್ಮು, ಕಫ, ಜ್ವರ, ಔಷಧಿಯ ಹೊತ್ತು ಎಂದು ಒಬ್ಬೊಬ್ಬರೇ ಓದುತ್ತ ಕುಳಿತ ಆ ಹೆಂಗಸರನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಅವರು ಹೇಳಿದ ಒಂದೊಂದು ಶಬ್ದವೂ ಯಂತ್ರದ ಹೊಟ್ಟೆಯಲ್ಲಿದೆ. ಮುಂದೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಅದು ಉತ್ತರ ಹೇಳಿದಾಗ ಕೇಳುವವರು, ಯಂತ್ರ ಎಷ್ಟು ಚೆಂದ ಕನ್ನಡ ಮಾತಾಡುತ್ತದೆ ಎನ್ನುತ್ತಾರೆ.